ಗೊರಿಲ್ಲಾ ನೋಡಲು ಹೊರಟವರು ಕೆಮ್ಮನ್ನು ಬಚ್ಚಿಡಬೇಡಿ

ಮಾನ್ಯ ಸಂಪಾದಕರೇ,

ಮಸಾಯಿ ಮಾರಾದ ಸಿಂಹ, ಚಿರತೆ ನೋಡಿ ಬಂದ ಕನ್ನಡಿಗರಲ್ಲಿ ಹಲವರು ಈಗ ಉಗಾಂಡಾ, ರುವಾಂಡಾದ ಗೊರಿಲ್ಲಾಗಳ ಕಡೆ ಮುಖ ಮಾಡಿದ್ದಾರೆ. ನಮ್ಮ ಕೆಲವು ಟ್ರಾವೆಲ್ ಏಜೆನ್ಸಿಗಳೂ ಅದನ್ನು 'ಗೊರಿಲ್ಲಾ ಸಫಾರಿ' ಎಂಬ ಹೆಸರಿನಲ್ಲಿ ಮಾರುತ್ತಿವೆ. ಹೋಗುವುದರಲ್ಲಿ ತಪ್ಪಿಲ್ಲ. ಹೋಗಬೇಕು ಎಂದೇ ನಮ್ಮ ಅಭಿಪ್ರಾಯ. ಆದರೆ ಸಫಾರಿ ಎಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಕಬಿನಿಯ ಜೀಪು. ಬೆಳಿಗ್ಗೆ ಹತ್ತಿ ಕೂತರೆ ಪ್ರಾಣಿ ಕಂಡರೆ ಕಂಡೀತು, ಇಲ್ಲದಿದ್ದರೆ ಇಲ್ಲ. ಗೊರಿಲ್ಲಾ ನೋಡುವುದು ಹಾಗಲ್ಲ. ಗುಡ್ಡದ ಕಾಡಿನಲ್ಲಿ ಗಂಟೆಗಟ್ಟಲೆ ನಡೆದು, ಬೇಲಿಯಾಗಲಿ ಗಾಜಾಗಲಿ ಇಲ್ಲದೆ ಕಾಡುಪ್ರಾಣಿಯ ಎದುರು ನಿಲ್ಲುವ ಕೆಲಸ ಅದು. ಅಲ್ಲಿ ಅಪಾಯ ಹೆಚ್ಚಾಗಿ ನಮಗಲ್ಲ, ಅವುಗಳಿಗೆ. ಪ್ಯಾಕೇಜ್ ಮಾರುವವರು ಇದನ್ನು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಮೊದಲಿಗೆ, ಯಾವ ಗೊರಿಲ್ಲಾ? ಮೈಸೂರು ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ಬಂದ ಥಾಬೊ ಮತ್ತು ಡೆಂಬಾ ಪಶ್ಚಿಮದ ತಗ್ಗುಪ್ರದೇಶದ ಗೊರಿಲ್ಲಾಗಳು. ಉಗಾಂಡಾ, ರುವಾಂಡಾದಲ್ಲಿ ಪ್ರವಾಸಿಗರು ನೋಡುವುದು ಪರ್ವತ ಗೊರಿಲ್ಲಾಗಳನ್ನು. ಇವು ಯಾವ ಮೃಗಾಲಯದಲ್ಲೂ ಇಲ್ಲ. ಇರುವುದು ಎರಡೇ ಕಡೆ. ಒಂದು, ರುವಾಂಡಾ, ಉಗಾಂಡಾ, ಕಾಂಗೊ ಮೂರೂ ದೇಶಗಳು ಸೇರುವ ವಿರುಂಗಾ ಜ್ವಾಲಾಮುಖಿ ಸಾಲು. ಇನ್ನೊಂದು, ಉಗಾಂಡಾದ ನೈರುತ್ಯ ಮೂಲೆಯ ಬ್ವಿಂಡಿ ಕಾಡು ಮತ್ತು ಅದಕ್ಕೆ ಅಂಟಿಕೊಂಡ ಕಾಂಗೊದ ಸರಾಂಬ್ವೆ. 2015-16ರ ಗಣತಿಯಲ್ಲಿ ವಿರುಂಗಾದಲ್ಲಿ 604, 2018ರ ಗಣತಿಯಲ್ಲಿ ಬ್ವಿಂಡಿ ಭಾಗದಲ್ಲಿ 459, ಒಟ್ಟು 1,063. 1981ರಲ್ಲಿ ವಿರುಂಗಾದಲ್ಲಿ ಉಳಿದಿದ್ದದ್ದು ಸುಮಾರು 254 ಮಾತ್ರ. ಅಲ್ಲಿಂದ ಸಂಖ್ಯೆ ಇಷ್ಟು ಏರಿದ್ದರಲ್ಲಿ ಪ್ರವಾಸಿಗರ ಹಣದ ಪಾಲು ದೊಡ್ಡದು. ಕಾವಲುಗಾರರ ಸಂಬಳ, ಪಶುವೈದ್ಯರು, ಬಲೆ ಮತ್ತು ಉರುಳುಗಳನ್ನು ಹುಡುಕಿ ತೆಗೆಯುವ ಗಸ್ತು, ಎಲ್ಲಕ್ಕೂ ಆ ಹಣವೇ ಆಧಾರ. 2018ರ ನವೆಂಬರ್‌ನಲ್ಲಿ ಇವುಗಳನ್ನು 'ತೀವ್ರ ಅಪಾಯದಲ್ಲಿರುವ' ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗೆ, 'ಅಪಾಯದಲ್ಲಿರುವ' ಪಟ್ಟಿಗೆ ಇಳಿಸಲಾಯಿತು.

ಇಷ್ಟು ಕಡಿಮೆ ಸಂಖ್ಯೆಯ ಪ್ರಾಣಿಗೆ ಒಂದು ನೆಗಡಿ ಸಾಕು. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. ಕಾಡಿನಲ್ಲಿ ಮಂಗ ಸತ್ತರೆ ಊರಿನವರು ಎಚ್ಚರಗೊಳ್ಳುತ್ತಾರೆ, ಏಕೆಂದರೆ ಅದೇ ಉಣ್ಣೆ, ಅದೇ ವೈರಸ್ಸು ಮನುಷ್ಯರನ್ನೂ ತಲುಪುತ್ತದೆ. ಗೊರಿಲ್ಲಾ ಕಾಡಿನಲ್ಲಿ ದಿಕ್ಕು ಉಲ್ಟಾ. ಅಲ್ಲಿ ನಮ್ಮ ಕಾಯಿಲೆ ಅವುಗಳಿಗೆ ಹೋಗುತ್ತದೆ. ನಮ್ಮಲ್ಲಿ ಮೂರು ದಿನ ಮೂಗು ಸೋರಿ ಹೋಗುವ ವೈರಸ್ಸಿಗೆ ಅವುಗಳ ದೇಹದಲ್ಲಿ ಪ್ರತಿರೋಧವೇ ಇರುವುದಿಲ್ಲ. 2009ರಲ್ಲಿ ರುವಾಂಡಾದ ಒಂದು ಗೊರಿಲ್ಲಾ ಕುಟುಂಬದಲ್ಲಿ ಉಸಿರಾಟದ ಸೋಂಕು ಹರಡಿ ಹೆಚ್ಚುಕಡಿಮೆ ಇಡೀ ಕುಟುಂಬವೇ ಹಾಸಿಗೆ ಹಿಡಿಯಿತು, ಎರಡು ಸತ್ತವು. ಮನುಷ್ಯರಲ್ಲಿ ಸಾಮಾನ್ಯವಾಗಿ ಕಾಣುವ ಮೆಟಾನ್ಯುಮೋ ವೈರಸ್ ಅದರಲ್ಲಿ ಪತ್ತೆಯಾಯಿತು. 2013ರಲ್ಲಿ ಉಗಾಂಡಾದ ಕಿಬಾಲೆ ಕಾಡಿನ ಕನ್ಯವಾರಾದಲ್ಲಿ 56 ಚಿಂಪಾಂಜಿಗಳ ಗುಂಪಿನಲ್ಲಿ 5 ಸತ್ತವು. ಕಾರಣ ರೈನೋವೈರಸ್ ಸಿ, ಮಕ್ಕಳಿಗೆ ಶೀತ ತರುವ ವೈರಸ್ಸು. 1996ರಲ್ಲಿ ಬ್ವಿಂಡಿಯ ಗೊರಿಲ್ಲಾಗಳಿಗೆ ಕಜ್ಜಿ ಹತ್ತಿ ಒಂದು ಮರಿ ಸತ್ತಿತು. ಊರಿನವರ ಹಳೆಯ ಬಟ್ಟೆಯಿಂದ ಅದು ಬಂದಿರಬೇಕು ಎಂದು ವೈದ್ಯರು ಕಂಡುಕೊಂಡರು.

ಹಾಗಾಗಿಯೇ ಅಲ್ಲಿನ ನಿಯಮಗಳು ಅಷ್ಟು ಕಟ್ಟುನಿಟ್ಟು. ಒಂದು ಕುಟುಂಬಕ್ಕೆ ದಿನಕ್ಕೆ ಒಂದೇ ತಂಡ, ತಂಡದಲ್ಲಿ 8 ಜನ ಮಾತ್ರ. ಗೊರಿಲ್ಲಾಗಳ ಬಳಿ ಒಂದು ಗಂಟೆ ಮಾತ್ರ. 7 ಮೀಟರ್ ಇದ್ದ ಅಂತರವನ್ನು ಕೋವಿಡ್ ಬಂದ ಮೇಲೆ 10 ಮೀಟರಿಗೆ ಏರಿಸಿದರು, ಮಾಸ್ಕ್ ಸೇರಿಸಿದರು. 15 ವರ್ಷದ ಒಳಗಿನವರಿಗೆ ಪ್ರವೇಶವಿಲ್ಲ. ಮಕ್ಕಳು ಹೆದರಿ ಓಡಿಯಾರು ಎಂಬುದು ಅರ್ಧ ಕಾರಣ. ಮಕ್ಕಳ ಕಾಯಿಲೆಗಳು ಅವುಗಳಿಗೆ ಅಂಟುತ್ತವೆ ಎಂಬುದು ಇನ್ನರ್ಧ. ಗೊರಿಲ್ಲಾಗಳಿಂದ 200 ಮೀಟರ್ ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಉಗುಳುವಂತಿಲ್ಲ. ಕಾಡಿನಲ್ಲಿ ಶೌಚಕ್ಕೆ ಹೋಗಲೇಬೇಕಾದರೆ ರೇಂಜರ್‌ಗೆ ಹೇಳಬೇಕು. ಅವರು ಮಚ್ಚಿನಿಂದ 30 ಸೆಂಟಿಮೀಟರ್ ಆಳದ ಗುಂಡಿ ತೋಡಿಕೊಡುತ್ತಾರೆ, ಆಮೇಲೆ ಮಣ್ಣು ಮುಚ್ಚಬೇಕು.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಎಡವುವುದು ಹಣದ ವಿಷಯದಲ್ಲಿ. ಉಗಾಂಡಾದಲ್ಲಿ ವಿದೇಶಿಯರಿಗೆ ಒಂದು ಗೊರಿಲ್ಲಾ ಪರ್ಮಿಟ್ಟಿಗೆ 2024ರ ಜುಲೈಯಿಂದ 800 ಡಾಲರ್, ರುವಾಂಡಾದಲ್ಲಿ 2017ರಿಂದಲೇ 1,500 ಡಾಲರ್. ಅಷ್ಟು ಕೊಟ್ಟವರು ಆ ದಿನ ಬೆಳಿಗ್ಗೆ ಗಂಟಲು ಕೆರೆದರೆ ಏನು ಮಾಡುತ್ತಾರೆ? ಒಂದು ಪ್ಯಾರಸಿಟಮಾಲ್, ಒಂದು ನೆಗಡಿ ಮಾತ್ರೆ ನುಂಗಿ, ಕೆಮ್ಮು ಬಂದಾಗ ಮುಖ ಆಚೆ ತಿರುಗಿಸಿ ಹೊರಡುತ್ತಾರೆ. ಮಾತ್ರೆ ಜ್ವರವನ್ನು ಇಳಿಸಬಹುದು, ವೈರಸ್ಸನ್ನು ನಿಲ್ಲಿಸುವುದಿಲ್ಲ. ಇದನ್ನು ಪ್ರವಾಸಿಗರ ಮನಸ್ಸಾಕ್ಷಿಗೆ ಮಾತ್ರ ಬಿಟ್ಟರೆ ಪ್ರಯೋಜನವಿಲ್ಲ, ಪ್ರವಾಸದ ಯೋಜನೆಯಲ್ಲೇ ಇದಕ್ಕೆ ಜಾಗ ಇರಬೇಕು. ಬುಕ್ ಮಾಡುವ ಮುನ್ನ ಏಜೆನ್ಸಿಯನ್ನು ಕೇಳಿ: ಆ ದಿನ ಕಾಯಿಲೆ ಎಂದು ನಾನೇ ಹಿಂದೆ ಸರಿದರೆ ಪರ್ಮಿಟ್ಟಿನ ಹಣದಲ್ಲಿ ಎಷ್ಟು ವಾಪಸ್ ಬರುತ್ತದೆ? ದಿನಾಂಕ ಬದಲಿಸಿಕೊಡುವ ಸಾಧ್ಯತೆ ಇದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಪ್ರವಾಸ ವಿಮೆ ಮಾಡಿಸುವಾಗ ಕಾಯಿಲೆಯಿಂದ ತಪ್ಪಿದ ಮುಂಗಡ ಬುಕಿಂಗ್ ಅದರಲ್ಲಿ ಸೇರಿದೆಯೇ ನೋಡಿ. ತುರ್ತು ವೈದ್ಯಕೀಯ ಸಾಗಣೆಯಂತೂ ಇರಲೇಬೇಕು, ಏಕೆಂದರೆ ಬ್ವಿಂಡಿಯ ಸುತ್ತ ದೊಡ್ಡ ಆಸ್ಪತ್ರೆಗಳಿಲ್ಲ.

ಇನ್ನೊಂದು ಮಾತು, ಇದನ್ನು ಯಾವ ಪ್ಯಾಕೇಜಿನಲ್ಲೂ ಕಾಣೆವು. ವಿಮಾನದಲ್ಲಿ ಅಂಟಿದ ಶೀತ ಹೊರಗೆ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಮೊದಲ ರಾತ್ರಿ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಇಳಿದು ಮರುದಿನವೋ ಅದರ ಮರುದಿನವೋ ಗೊರಿಲ್ಲಾ ಮುಂದೆ ನಿಲ್ಲಿಸುವ ಮೂರು ದಿನದ ಪ್ಯಾಕೇಜುಗಳಲ್ಲಿ, ಸೋಂಕು ಇದ್ದರೂ ಗೊತ್ತಾಗದ ಗಳಿಗೆಯಲ್ಲೇ ಜನ ಕಾಡಿಗೆ ಹೋಗುತ್ತಾರೆ. ಗೊರಿಲ್ಲಾ ದಿನವನ್ನು ಪ್ರವಾಸದ ಐದನೆಯ ಅಥವಾ ಆರನೆಯ ದಿನಕ್ಕೆ ಇಡಿ. ವಿಮಾನದಲ್ಲಿ, ಏರ್‌ಪೋರ್ಟಿನಲ್ಲಿ ಮಾಸ್ಕ್ ಹಾಕಿಕೊಳ್ಳಿ. ಇದಕ್ಕೆ ಖರ್ಚೇನೂ ಇಲ್ಲ.

ಉಗಾಂಡಾದಲ್ಲಿ ಈ ಕ್ರಮ ಸಲೀಸಾಗಿ ಹೊಂದುತ್ತದೆ. ಎಂಟೆಬೆಯಲ್ಲಿ ಇಳಿದು ರಾತ್ರಿ ತಂಗುವುದು. ಅಲ್ಲಿಂದ ಐದಾರು ಗಂಟೆ ದಾರಿ ಕಿಬಾಲೆ, ಅಲ್ಲಿ ಎರಡು ರಾತ್ರಿ, ಚಿಂಪಾಂಜಿ. ಮುಂದೆ ಎರಡು ಮೂರು ಗಂಟೆಯಲ್ಲಿ ಕ್ವೀನ್ ಎಲಿಜಬೆತ್ ಉದ್ಯಾನ. ಜಾರ್ಜ್ ಮತ್ತು ಎಡ್ವರ್ಡ್ ಸರೋವರಗಳನ್ನು ಸೇರಿಸುವ ಕಾಜಿಂಗಾ ಕಾಲುವೆಯಲ್ಲಿ ಮಧ್ಯಾಹ್ನದ ದೋಣಿ ಹತ್ತಿದರೆ ನೀರಾನೆ, ಎಮ್ಮೆ, ಆನೆ, ಮೊಸಳೆ, ಹಕ್ಕಿ ಎಲ್ಲವೂ ಒಂದೇ ದಡದಲ್ಲಿ. ಉದ್ಯಾನದ ದಕ್ಷಿಣ ತುದಿಯ ಇಶಾಷಾದಲ್ಲಿ ಅತ್ತಿಯ ಜಾತಿಯ ದೊಡ್ಡ ಮರಗಳ ಮೇಲೆ ಸಿಂಹಗಳು ಮಲಗುತ್ತವೆ, ಅದೃಷ್ಟವಿದ್ದರೆ ಕಾಣುತ್ತವೆ. ಅಲ್ಲಿಂದ ಬ್ವಿಂಡಿಯ ಬುಹೋಮಾಕ್ಕೆ ಎರಡು ಮೂರು ಗಂಟೆ. ಮರಳುವಾಗ ಎಂಬುರೊ ಸರೋವರದ ಬಳಿ ಒಂದು ರಾತ್ರಿ ತಂಗಿದರೆ ಎಂಟೆಬೆಗೆ ಒಂದೇ ಉಸಿರಿನಲ್ಲಿ ಹತ್ತು ಗಂಟೆ ಕೂರುವ ಕಷ್ಟ ತಪ್ಪುತ್ತದೆ. ಒಟ್ಟು ಎಂಟು ದಿನ. ಕ್ವೀನ್ ಎಲಿಜಬೆತ್ ಕಡೆ ತ್ಸೆತ್ಸೆ ನೊಣಗಳಿವೆ. ಕಡುನೀಲಿ, ಕಪ್ಪು ಬಟ್ಟೆಗೆ ಮುತ್ತುತ್ತವೆ. ಖಾಕಿ, ತಿಳಿಗಂದು ಬಣ್ಣ ಒಳ್ಳೆಯದು.

ಪರ್ಮಿಟ್ಟಿನ ವಿಷಯದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಸೆಕ್ಟರಿನಿಂದ. ಬ್ವಿಂಡಿಗೆ ನಾಲ್ಕು ಬಾಗಿಲು: ಉತ್ತರಕ್ಕೆ ಬುಹೋಮಾ, ಪೂರ್ವಕ್ಕೆ ರುಹಿಜಾ, ದಕ್ಷಿಣಕ್ಕೆ ರುಶಾಗಾ ಮತ್ತು ಎನ್ಕುರಿಂಗೊ. ಪರ್ಮಿಟ್ ಯಾವ ಸೆಕ್ಟರಿಗೆ ಇದೆಯೋ ಅಲ್ಲೇ ಬೆಳಿಗ್ಗೆ ಎಂಟಕ್ಕೆ ಮೊದಲು ಹಾಜರಾಗಬೇಕು. ನಕ್ಷೆಯಲ್ಲಿ ಬುಹೋಮಾ ಮತ್ತು ರುಶಾಗಾ ಅಕ್ಕಪಕ್ಕ ಕಾಣುತ್ತವೆ, ಆದರೆ ಕಾಡನ್ನು ಬಳಸಿ ಹೋಗುವ ಗರಸು ಮಣ್ಣಿನ ಘಾಟಿ ರಸ್ತೆಯಲ್ಲಿ ಮೂರು ಗಂಟೆಗೂ ಮೇಲೆ ಹಿಡಿಯುತ್ತದೆ. ಮಳೆ ಬಂದರೆ ಕೇಳುವುದೇ ಬೇಡ. ಬುಹೋಮಾದಲ್ಲಿ ಪರ್ಮಿಟ್ ಸಿಗದೆ ಏಜೆಂಟ್ ರುಶಾಗಾ ಪರ್ಮಿಟ್ ಕೊಂಡು, ಲಾಡ್ಜನ್ನು ಮಾತ್ರ ಬುಹೋಮಾದಲ್ಲೇ ಉಳಿಸಿದರೆ ಪ್ರವಾಸಿಗರು ನಡುರಾತ್ರಿ ಎದ್ದು ಹೊರಡಬೇಕು. ತಡವಾಗಿ ಹೋದರೆ ತಂಡ ಕಾಯುವುದಿಲ್ಲ. ಉತ್ತರದಿಂದ, ಅಂದರೆ ಕ್ವೀನ್ ಎಲಿಜಬೆತ್ ಕಡೆಯಿಂದ ಬರುವವರಿಗೆ ಬುಹೋಮಾ ಅಥವಾ ರುಹಿಜಾ ಅನುಕೂಲ. ಕಿಗಾಲಿಯಿಂದ ಗಡಿ ದಾಟಿ ಬರುವವರಿಗೆ ರುಶಾಗಾ, ಎನ್ಕುರಿಂಗೊ ಹತ್ತಿರ. ಸಣ್ಣ ವಿಮಾನದಲ್ಲಿ ಹೋಗುವವರಿಗೂ ಇದೇ ಲೆಕ್ಕ: ಬುಹೋಮಾಕ್ಕೆ ಕಿಹಿಹಿ, ದಕ್ಷಿಣದ ಎರಡಕ್ಕೆ ಕಿಸೋರೊ. ಆ ವಿಮಾನಗಳಲ್ಲಿ ಲಗೇಜು ತಲೆಗೆ 15 ಕಿಲೋ, ಅದೂ ಮೆತ್ತನೆಯ ಚೀಲದಲ್ಲಿ.

ಪರ್ಮಿಟ್ಟಿನಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಎರಡೂ ಇರುತ್ತವೆ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಶಿಯಲ್ ಬಿಡಿಸಿ ಬರೆದದ್ದು, ಸರ್‌ನೇಮ್ ಕಾಲಂ ಖಾಲಿ ಇರುವುದು, ತಂದೆಯ ಹೆಸರು ಮುಂದೆ ಬಂದದ್ದು ಎಲ್ಲವೂ ಉಂಟು. ಏಜೆನ್ಸಿಗೆ ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಬೇಡಿ, ಪಾಸ್‌ಪೋರ್ಟ್ ಪುಟದ ಸ್ಕ್ಯಾನ್ ಕಳಿಸಿ. ಹಣ ಕೊಟ್ಟ ಮೇಲೆ ಪರ್ಮಿಟ್ಟಿನ ಪ್ರತಿ ಕೈಗೆ ಬರುವ ತನಕ ವಿಮಾನದ ಟಿಕೆಟ್ ಮಾಡಬೇಡಿ. 'ಪರ್ಮಿಟ್ ರಿಕ್ವೆಸ್ಟ್ ಹಾಕಿದ್ದೇವೆ' ಎಂದರೆ ಪರ್ಮಿಟ್ ಸಿಕ್ಕಿದೆ ಎಂದಲ್ಲ. ಜೂನ್‌ನಿಂದ ಆಗಸ್ಟ್, ಡಿಸೆಂಬರ್ ಕೊನೆ, ಈ ಕಾಲಕ್ಕೆ ನಾಲ್ಕಾರು ತಿಂಗಳು ಮೊದಲೇ ಕೊಳ್ಳುವುದು ಕ್ಷೇಮ.

ಕಾಲದ ವಿಷಯದಲ್ಲಿ ಕನ್ನಡ ಕುಟುಂಬಗಳಿಗೆ ಒಂದು ತೊಡಕಿದೆ. ಅಲ್ಲಿ ಮಳೆಗಾಲ ಎರಡು: ಮಾರ್ಚ್‌ನಿಂದ ಮೇ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ನಮ್ಮ ಬೇಸಿಗೆ ರಜೆ, ದಸರಾ ರಜೆ ಎರಡೂ ಸರಿಯಾಗಿ ಆ ಮಳೆಗೇ ಬೀಳುತ್ತವೆ. ಮಳೆಯಲ್ಲಿ ಗೊರಿಲ್ಲಾ ಕಾಣುವುದಿಲ್ಲ ಎಂದಲ್ಲ, ಖಂಡಿತ ಕಾಣುತ್ತವೆ, ಲಾಡ್ಜ್ ದರವೂ ಇಳಿದಿರುತ್ತದೆ. ಆದರೆ ಇಳಿಜಾರಿನಲ್ಲಿ ಕೆಸರು ಸೋಪಿನಂತೆ ಜಾರುತ್ತದೆ, ರಸ್ತೆಗಳಲ್ಲಿ ಮಣ್ಣು ಕುಸಿಯುತ್ತದೆ, ನಾಲ್ಕು ಚಕ್ರ ಚಾಲನೆಯ ಗಾಡಿ ಇಲ್ಲದೆ ಹೊರಡುವಂತಿಲ್ಲ. ಮಂಡಿನೋವಿನವರನ್ನು ಏಪ್ರಿಲ್‌ನಲ್ಲಿ ಕರೆದೊಯ್ಯಬೇಡಿ. ಮಕ್ಕಳಿಗೆ 15 ತುಂಬಿರದಿದ್ದರೆ ಇಡೀ ಕುಟುಂಬದ ಯೋಜನೆಯನ್ನೇ ಮುಂದೂಡುವುದು ಮೇಲು. ಅಷ್ಟು ದೂರ ಹೋಗಿ ಮಗುವನ್ನೂ ಒಬ್ಬ ಪೋಷಕರನ್ನೂ ಲಾಡ್ಜಿನಲ್ಲಿ ಬಿಟ್ಟು ಹೋಗುವುದು ಯಾರಿಗೂ ಸುಖವಲ್ಲ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಪ್ರಮಾಣಪತ್ರ ಇಲ್ಲದಿದ್ದರೆ ಹೋಗುವಾಗ ಉಗಾಂಡಾ ಬಿಟ್ಟುಕೊಳ್ಳುವುದಿಲ್ಲ, ಮುಂಬೈಯಲ್ಲೇ ವಿಮಾನ ಸಂಸ್ಥೆಯವರು ತಡೆಯಬಹುದು. ಬರುವಾಗಿನದು ಇನ್ನೂ ಬಿಗಿ: ಭಾರತದಲ್ಲಿ ಇಳಿದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇಡುವ ಅಧಿಕಾರ ಆರೋಗ್ಯ ಅಧಿಕಾರಿಗಳಿಗಿದೆ. ಲಸಿಕೆ ಹಾಕಿಸಿಕೊಂಡ ಹತ್ತನೆಯ ದಿನದಿಂದ ಮಾತ್ರ ಪ್ರಮಾಣಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು, ಈ ನಿಯಮ 2016ರಿಂದ ಜಾರಿಯಲ್ಲಿದೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಒಂದು ಸೀಸೆಯಲ್ಲಿ ಹಲವರ ಡೋಸ್ ಇರುವುದರಿಂದ ಅನೇಕ ಕೇಂದ್ರಗಳು ವಾರದ ಕೆಲವೇ ದಿನ, ಮುಂಗಡ ಹೆಸರು ಬರೆಸಿದವರಿಗೆ ಮಾತ್ರ ಕೊಡುತ್ತವೆ. ಹೊರಡುವ ವಾರ ಓಡಿದರೆ ಕೆಲಸ ಆಗದು, ಆರು ವಾರ ಮೊದಲೇ ನೋಡಿಕೊಳ್ಳಿ. ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು, 60 ದಾಟಿದವರು ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಮಲೇರಿಯಾ ತಡೆಯುವ ಮಾತ್ರೆಯೂ ಅದೇ ಭೇಟಿಯಲ್ಲಿ ಬರೆಸಿಕೊಳ್ಳಿ. ಉಗಾಂಡಾ, ರುವಾಂಡಾ ಎರಡರಲ್ಲೂ ಈಚಿನ ವರ್ಷಗಳಲ್ಲಿ ಎಬೋಲಾ ಜಾತಿಯ ಜ್ವರಗಳು ಕಾಣಿಸಿಕೊಂಡು ಹತೋಟಿಗೆ ಬಂದಿವೆ. ಹೊರಡುವ ಮುನ್ನ ಸರ್ಕಾರದ ಸೂಚನೆಗಳನ್ನು ನೋಡುವುದು ವಿವೇಕ. ಕಾಂಗೊ ಭಾಗದ ವಿರುಂಗಾವನ್ನು, ಅಲ್ಲಿ ಸಶಸ್ತ್ರ ಸಂಘರ್ಷ ಇರುವವರೆಗೆ, ಎಷ್ಟೇ ಅಗ್ಗ ಎಂದರೂ ಒಪ್ಪಬೇಡಿ.

ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. ಉಗಾಂಡಾ ಒಂದಕ್ಕೆ 50 ಡಾಲರ್. ಕೆನ್ಯಾ, ರುವಾಂಡಾ ಸೇರಿ ಮೂರಕ್ಕೂ ನಡೆಯುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾಕ್ಕೆ 100 ಡಾಲರ್. ಅದನ್ನು ಕೊಟ್ಟ ದೇಶಕ್ಕೇ ಮೊದಲು ಹೋಗಬೇಕು. 2009ಕ್ಕಿಂತ ಹಿಂದೆ ಅಚ್ಚಾದ, ಹರಿದ, ಗೀಚಿದ ಡಾಲರ್ ನೋಟುಗಳನ್ನು ಅಲ್ಲಿ ಬಹಳ ಕಡೆ ಮುಟ್ಟುವುದಿಲ್ಲ. ರುವಾಂಡಾದಲ್ಲಿ 2008ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ, ಚಪ್ಪಲಿ ಸುತ್ತಿದ ಕವರ್ ಕೂಡ ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳಬಹುದು. ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಿಲ್ಲ. ಬಾಳೆಕಾಯಿ ಬೇಯಿಸಿ ಹಿಸುಕಿದ ಮಟೋಕೆ, ಕಡಲೆಕಾಯಿ ಗೊಜ್ಜು, ಹುರುಳಿಕಾಯಿ ಬೀಜದ ಸಾರು, ಚಪಾತಿ ಎಲ್ಲ ಕಡೆ ಸಿಗುತ್ತವೆ. ಆದರೆ 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಮೊಟ್ಟೆ, ಕೆಲವೊಮ್ಮೆ ಮೀನೂ ಬಂದೀತು. ಏನು ತಿನ್ನುವುದಿಲ್ಲ ಎಂದು ಬಿಡಿಸಿ ಬರೆಸಿ, ಕಾಡಿಗೆ ಕಟ್ಟಿಕೊಡುವ ಬುತ್ತಿಗೂ ಅದು ಅನ್ವಯವಾಗಲಿ.

ಇನ್ನು ಆ ದಿನದ ವಿಚಾರ. ಬೆಳಕು ಹರಿಯುವ ಮುಂಚೆಯೇ ಟ್ರ್ಯಾಕರ್‌ಗಳು ಹಿಂದಿನ ದಿನ ಗೊರಿಲ್ಲಾ ಕುಟುಂಬವನ್ನು ಬಿಟ್ಟ ಜಾಗಕ್ಕೆ ಹೋಗಿರುತ್ತಾರೆ. ಗೊರಿಲ್ಲಾಗಳು ಪ್ರತಿ ರಾತ್ರಿ ಸೊಪ್ಪು, ರೆಂಬೆ ಬಗ್ಗಿಸಿ ಹೊಸ ಗೂಡು ಮಾಡಿಕೊಳ್ಳುತ್ತವೆ. ಗೂಡುಗಳನ್ನು, ಅದರಲ್ಲಿನ ಹಿಕ್ಕೆಯನ್ನು ನೋಡಿ ಎಷ್ಟು ಪ್ರಾಣಿ, ಯಾವ ಗಾತ್ರದವು, ಯಾವ ದಿಕ್ಕಿಗೆ ಹೋದವು ಎಂದು ಟ್ರ್ಯಾಕರ್‌ಗಳು ಓದುತ್ತಾರೆ, ರೇಡಿಯೋದಲ್ಲಿ ಹಿಂದಿನ ತಂಡಕ್ಕೆ ತಿಳಿಸುತ್ತಾರೆ. ಹಾಗಾಗಿಯೇ ಕಾಣುವ ಸಾಧ್ಯತೆ ಇಷ್ಟು ಹೆಚ್ಚು. ನಡಿಗೆ ಒಂದು ಗಂಟೆಯೂ ಆಗಬಹುದು, ಆರು ಗಂಟೆಯೂ ಆಗಬಹುದು. ಬೆಳಗಿನ ಸಭೆಯಲ್ಲೇ ನಿಮ್ಮ ವಯಸ್ಸು, ಮಂಡಿಯ ಸ್ಥಿತಿ ರೇಂಜರ್‌ಗೆ ನೇರವಾಗಿ ಹೇಳಿ, ಹತ್ತಿರದ ಕುಟುಂಬಕ್ಕೆ ಹಾಕುತ್ತಾರೆ. ಸಂಕೋಚಪಟ್ಟು ಸುಮ್ಮನಿದ್ದವರೇ ಮಧ್ಯದಲ್ಲಿ ಕೂತುಬಿಡುವುದು. ನಡೆಯಲಾರದವರನ್ನು ಕುರ್ಚಿಯಲ್ಲಿ ಹೊತ್ತೊಯ್ಯುವ ವ್ಯವಸ್ಥೆಯೂ ಇದೆ, ನೂರಾರು ಡಾಲರ್ ಆಗುತ್ತದೆ, ಮೊದಲೇ ಹೇಳಿರಬೇಕು.

ಪಾದ ಮುಚ್ಚುವ, ಹಿಡಿತವಿರುವ ಬೂಟು. ಕಾಲುಚೀಲದೊಳಗೆ ಪ್ಯಾಂಟಿನ ಅಂಚು ತುರುಕಬೇಕು, ಇಲ್ಲವಾದರೆ ಸಫಾರಿ ಇರುವೆಗಳು ಒಳಗಿನಿಂದ ಹತ್ತುತ್ತವೆ. ತುರಿಕೆ ಗಿಡಗಳು ಮಲೆನಾಡಿನ ತುರಿಕೆಗಿಂತ ಕಡಿಮೆಯಲ್ಲ, ಹಾಗಾಗಿ ತೋಳು ತುಂಬ ಅಂಗಿ ಮತ್ತು ತೋಟದ ಕೆಲಸದ ದಪ್ಪ ಕೈಗವಸು. ಮಳೆ ಅಂಗಿ, ಎರಡು ಲೀಟರ್ ನೀರು, ಬುತ್ತಿ. ಬ್ಯಾಗ್ ಹೊರಲು ಪೋರ್ಟರ್ ತೆಗೆದುಕೊಳ್ಳಿ, ದಿನಕ್ಕೆ 15ರಿಂದ 20 ಡಾಲರ್. ಗಟ್ಟಿಮುಟ್ಟಾದವರು 'ನನಗೆ ಬೇಡ' ಎನ್ನುವುದುಂಟು. ಬ್ಯಾಗಿಗಿಂತ ಹೆಚ್ಚಾಗಿ, ಇಳಿಜಾರಿನಲ್ಲಿ ಹಿಡಿಯುವ ಕೈ ಅದು. ಕಾಡಂಚಿನ ಹಳ್ಳಿಯ ಹುಡುಗ ಹುಡುಗಿಯರಿಗೆ ಅದು ನೇರವಾಗಿ ಸಿಗುವ ಕೂಲಿ ಕೂಡ.

ಕುಟುಂಬ ಸಿಕ್ಕಾಗ ಬ್ಯಾಗು, ಕೋಲು, ಬುತ್ತಿ ಎಲ್ಲ ಪೋರ್ಟರ್‌ಗಳ ಬಳಿ ಬಿಟ್ಟು ಕ್ಯಾಮೆರಾ ಮಾತ್ರ ಹಿಡಿದು ಮುಂದೆ ಹೋಗಬೇಕು. ಆಗ ರೇಂಜರ್ ಗಂಟಲಿನಿಂದ 'ಮ್ಮ್‌ಹ್ಮ್' ಎಂದು ಎರಡು ಸಲ ದಪ್ಪನೆ ಗುನುಗುತ್ತಾರೆ. ಅದು ಗೊರಿಲ್ಲಾಗಳೇ ಮೇಯುವಾಗ ಮಾಡುವ ಸದ್ದು, ತೊಂದರೆಯಿಲ್ಲ ಎಂದು ಪರಸ್ಪರ ತಿಳಿಸುವುದು. ಸ್ವಲ್ಪ ಹೊತ್ತಿಗೆ ಪೊದೆಯೊಳಗಿಂದ ಅದೇ ಗುನುಗು ವಾಪಸ್ ಬರುತ್ತದೆ. ಬೆನ್ನು ಬೆಳ್ಳಗಾದ ಗಂಡು, ಸಿಲ್ವರ್‌ಬ್ಯಾಕ್, ಕುಳಿತಲ್ಲೇ ಕಾಂಡವೊಂದನ್ನು ಹಲ್ಲಿನಿಂದ ಸೀಳಿ ಸಿಪ್ಪೆ ಎಸೆದು ತಿರುಳು ತಿನ್ನುತ್ತಿರುತ್ತದೆ. ನೇರವಾಗಿ ಕಣ್ಣಲ್ಲಿ ಕಣ್ಣಿಡಬೇಡಿ. ಅದು ನುಗ್ಗಿ ಬಂದಂತೆ ಮಾಡಿದರೆ ಓಡಬೇಡಿ. ತಗ್ಗಿ ಕುಳಿತು ಕೆಳಗೆ ನೋಡಿ, ರೇಂಜರ್ ಹೇಳಿದಂತೆ ಮಾಡಿ. ಮರಿಗಳು ಕುತೂಹಲದಿಂದ ತಾವೇ ಹತ್ತಿರ ಬರುತ್ತವೆ. ಆಗ ಹಿಂದೆ ಸರಿಯಬೇಕಾದವರು ನಾವು. ಸೆಲ್ಫಿಗಾಗಿ ಮಾಸ್ಕ್ ಇಳಿಸಿ ಬೆನ್ನು ತಿರುಗಿಸುವುದೇ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, 10 ಮೀಟರ್ ಅಂತರ ಕರಗುವುದು ಅಲ್ಲೇ. ರೇಂಜರ್‌ಗೆ ಟಿಪ್ಸ್ ಆಸೆ ತೋರಿಸಿ 'ಇನ್ನೂ ಸ್ವಲ್ಪ ಹತ್ತಿರ' ಎನ್ನುವುದು ಅದಕ್ಕಿಂತ ನೀಚ. ಫ್ಲ್ಯಾಶ್ ನಿಷೇಧ. ಕಾಡಿನೊಳಗೆ ಬೆಳಕು ಕಡಿಮೆ, ಪ್ರಾಣಿ ಕಪ್ಪು. 70-200 ಲೆನ್ಸ್, ಐಎಸ್ಒ 1600ರಿಂದ 3200 ಇಟ್ಟು, ಮುಖ ಕಪ್ಪಾಗದಂತೆ ಎಕ್ಸ್‌ಪೋಶರ್ ನೋಡಿಕೊಳ್ಳಿ. ಉದ್ದನೆಯ 600 ಎಂ.ಎಂ. ಲೆನ್ಸ್ ಅಲ್ಲಿ ಭಾರವೇ ಹೊರತು ಉಪಯೋಗವಿಲ್ಲ.

ಚಿಂಪಾಂಜಿ ಬೇರೆಯೇ. ಕಿಬಾಲೆಯ ಕನ್ಯಾಂಚುವಿನಿಂದ ನಡಿಗೆ ಹೊರಡುತ್ತದೆ, ಪರ್ಮಿಟ್ 250 ಡಾಲರ್. ನೆಲ ಹೆಚ್ಚು ಕಡಿಮೆ ಸಮ, ಆದರೆ ಅವು ಓಡುತ್ತವೆ, ಎತ್ತರದ ಹಣ್ಣಿನ ಮರದಲ್ಲಿ ಕೂರುತ್ತವೆ. ಕುತ್ತಿಗೆ ಎತ್ತಿ ನೋಡುವುದೇ ಹೆಚ್ಚು. ಮಾಸ್ಕ್, ಅಂತರ, ಕಾಯಿಲೆಯ ನಿಯಮ ಅಲ್ಲೂ ಅಷ್ಟೇ ಮುಖ್ಯ. 2013ರ ಸಾವುಗಳು ಆದದ್ದು ಅದೇ ಕಾಡಿನಲ್ಲಿ.

ಪರ್ಮಿಟ್ ದುಬಾರಿ ಎಂದು ಗೊಣಗುವವರಿಗೆ ಒಂದು ಮಾತು. ಬ್ವಿಂಡಿ 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಆ ಕಾಡನ್ನೇ ಮನೆ ಮಾಡಿಕೊಂಡಿದ್ದ ಬಟ್ವಾ ಜನರನ್ನು ಹೊರಹಾಕಲಾಯಿತು. ನಾಗರಹೊಳೆಯ ಜೇನುಕುರುಬರ ಕಥೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಉದ್ಯಾನದ ಪ್ರವೇಶ ಶುಲ್ಕದ ಶೇಕಡಾ 20 ಸುತ್ತಲಿನ ಊರುಗಳಿಗೆ ಹೋಗುತ್ತದೆ, ಆದರೆ ಜಮೀನಿಲ್ಲದ ಬಟ್ವಾಗಳ ಕೈಗೆ ತಲುಪುವುದು ಅಲ್ಪ. 'ಬಟ್ವಾ ಅನುಭವ' ಎಂಬ ನಡಿಗೆಗಳನ್ನು ಏಜೆನ್ಸಿಗಳು ಸೇರಿಸುತ್ತವೆ. ಹಣ ಯಾರ ಕೈಗೆ ಹೋಗುತ್ತದೆ, ಅದನ್ನು ನಡೆಸುವವರು ಬಟ್ವಾಗಳೇ ಹೌದೇ ಎಂದು ಕೇಳಿ, ತೃಪ್ತಿಯಾದರೆ ಮಾತ್ರ ಸೇರಿಸಿಕೊಳ್ಳಿ.

ನಮ್ಮ ಏಜೆನ್ಸಿಗಳಿಗೆ ನಮ್ಮ ಒತ್ತಾಯ ಇಷ್ಟು: ಗೊರಿಲ್ಲಾ ಪ್ಯಾಕೇಜಿನ ಕೊಟೇಶನ್ನಿನಲ್ಲಿ ಪರ್ಮಿಟ್ ದರವನ್ನು ಬೇರೆಯಾಗಿ ತೋರಿಸಿ, ಸೆಕ್ಟರಿನ ಹೆಸರನ್ನೂ ಲಾಡ್ಜಿನಿಂದ ಅಲ್ಲಿಗೆ ಎಷ್ಟು ಗಂಟೆ ಎಂಬುದನ್ನೂ ಬರೆಯಿರಿ, 15 ವರ್ಷದ ನಿಯಮವನ್ನು ಮೊದಲ ಪುಟದಲ್ಲಿ ಹಾಕಿ, ಕಾಯಿಲೆಯಾದರೆ ಹಣದ ಗತಿಯೇನು ಎಂಬುದನ್ನು ಹೇಳಿ. ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇಂಥ ಪ್ಯಾಕೇಜುಗಳ ಬಗ್ಗೆ ಬರೆಯುವಾಗ, ಈ ನಾಲ್ಕು ಮಾಹಿತಿ ಇಲ್ಲದ ಲೇಖನವನ್ನು ಪ್ರಕಟಿಸದಿರಿ ಎಂದು ಕೋರುತ್ತೇವೆ. ಮರಿಯ ಪಕ್ಕದಲ್ಲಿ ಕೈಚಾಚಿ ನಿಂತ ಪ್ರವಾಸಿಗರ ಫೋಟೋಗಳನ್ನೂ ದಯವಿಟ್ಟು ಅಚ್ಚು ಹಾಕಬೇಡಿ. ಅವು ನಿಯಮ ಮುರಿದು ತೆಗೆದ ಚಿತ್ರಗಳು, ಅದನ್ನು ನೋಡಿದ ಮುಂದಿನ ಪ್ರವಾಸಿ ರೇಂಜರ್ ಬಳಿ ಅದನ್ನೇ ಕೇಳುತ್ತಾನೆ.

ಇಂತಿ,
ವನ್ಯಜೀವಿ ಪ್ರವಾಸ ಮಾರ್ಗದರ್ಶಕರು,
ಮೈಸೂರು